ರೋಗಿಯ ಮಾನ, ಮಕ್ಕಳ ಕಾಳಜಿ

ನಮ್ಮ ಕೂಟದ ಅನೇಕ ಸದಸ್ಯರ ತಂದೆತಾಯಂದಿರು ಈಗ ಎಂಬತ್ತರ ಆಸುಪಾಸಿನಲ್ಲಿದ್ದಾರೆ. ಅವರಲ್ಲಿ ಯಾರಾದರೂ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ, ಆಪರೇಷನ್ ಆದ ಕೆಲವೇ ದಿನಗಳಲ್ಲಿ ಇಲ್ಲಿನ ಆಸ್ಪತ್ರೆ ರೀಹ್ಯಾಬ್ ವಿಭಾಗಕ್ಕೆ ಕಳಿಸುವುದುಂಟು. ಅಲ್ಲಿ ಸಾಮಾನ್ಯವಾಗಿ ದಿನಕ್ಕೆ 3 ಗಂಟೆ, ವಾರಕ್ಕೆ 5 ದಿನ ಥೆರಪಿ. ನಡೆಯುವುದಷ್ಟೇ ಅಲ್ಲ, ಸ್ನಾನ ಮಾಡುವುದು, ಬಟ್ಟೆ ಹಾಕಿಕೊಳ್ಳುವುದು, ಕಕ್ಕಸಿನಲ್ಲಿ ಕೂತು ಏಳುವುದು ಎಲ್ಲವೂ ಪಾಠಗಳೇ. ಥೆರಪಿಸ್ಟ್ ಪಕ್ಕದಲ್ಲಿ ನಿಂತು ಅಂಕವನ್ನೂ ಹಾಕುತ್ತಾರೆ. ತಾನೇ ಮಾಡಿಕೊಂಡರೆ 6, ಪೂರ್ತಿ ಇನ್ನೊಬ್ಬರೇ ಮಾಡಿಸಬೇಕಾದರೆ 1.

ಜೀವಮಾನವೆಲ್ಲ ಬಾಗಿಲು ಹಾಕಿಕೊಂಡು ಮಾಡಿದ ಕೆಲಸವನ್ನು ಪರರ ಎದುರು ಮಾಡಬೇಕಾದವರಿಗೆ ಮುಚ್ಚಿಟ್ಟುಕೊಳ್ಳಲು ಇನ್ನೇನು ಉಳಿದಿರುತ್ತದೆ? ನನ್ನ ತಾಯಿ ಅಲ್ಲಿ ಮಲಗಿದ್ದಾಗ ಈ ಪ್ರಶ್ನೆ ನನ್ನನ್ನು ಕಾಡಿತು.

ಅಮ್ಮನಿಗೆ ಇಂಗ್ಲಿಷ್ ಬಾರದು. ನಾನು ಮಗ, ಮೇಲಾಗಿ ಡಾಕ್ಟರು, ದುಭಾಷಿ ಏಕೆ ಬೇಕು ಎಂದು ನರ್ಸಿಗೆ ಹೇಳಿಬಿಟ್ಟೆ. ಮಲಬದ್ಧತೆ ಇದೆಯೇ, ಮೂತ್ರ ತಡೆಯಲು ಆಗುತ್ತದೆಯೇ ಎಂದು ಆಕೆ ಕೇಳಿದ್ದನ್ನು ಕನ್ನಡದಲ್ಲಿ ಕೇಳಿದೆ. "ಎಲ್ಲಾ ಸರಿಯಾಗಿದೆ ಅಂತ ಹೇಳು" ಎಂದು ಅಮ್ಮ ಗೋಡೆಯ ಕಡೆ ಮುಖ ತಿರುಗಿಸಿದಳು. ಪಕ್ಕದ ಹಾಸಿಗೆಗೂ ನಮಗೂ ನಡುವೆ ಇದ್ದದ್ದು ಬಟ್ಟೆಯ ಪರದೆ. ಅಮ್ಮನ ಕನ್ನಡ ಆಚೆಯವರಿಗೆ ತಿಳಿಯದಿದ್ದರೂ ನನ್ನ ಇಂಗ್ಲಿಷ್ ತಿಳಿಯುತ್ತಿತ್ತು.

ಮರುದಿನ ಆಸ್ಪತ್ರೆಯವರೇ ಫೋನಿನಲ್ಲಿ ಕನ್ನಡ ಬಲ್ಲ ಮಹಿಳೆಯೊಬ್ಬರನ್ನು ಗೊತ್ತುಮಾಡಿ, ನನ್ನನ್ನು ಹೊರಗಿರಲು ಹೇಳಿದರು. ಅಮ್ಮ ಇಪ್ಪತ್ತು ನಿಮಿಷ ಮಾತಾಡಿದಳು. ಏನು ಹೇಳಿದೆ ಎಂದು ಕೇಳಿದರೆ, "ಅದೆಲ್ಲ ನಿನಗ್ಯಾಕೋ" ಎಂದಳು. ಆ ಸಂಜೆ ಅವಳ ಔಷಧಿಯೊಂದು ಬದಲಾಯಿತು.

ನನಗೆ ನೋವಾಯಿತು. ಚಾರ್ಟ್ ನೋಡಿಬಿಡೋಣ, ಪರಿಚಯದ ವೈದ್ಯರನ್ನು ವಿಚಾರಿಸೋಣ ಎನ್ನಿಸಿತು. 1996ರ ಹಿಪಾ ಕಾಯ್ದೆಯ ಖಾಸಗಿತನದ ನಿಯಮಗಳು 2003ರಿಂದ ಜಾರಿಯಲ್ಲಿವೆ. ರೋಗಿಯ ಒಪ್ಪಿಗೆಯಿದ್ದರೆ ಮನೆಯವರೊಡನೆ ಮಾತಾಡಬಹುದು, ಆದರೆ ಚಿಕಿತ್ಸೆ ಕೊಡದ ವೈದ್ಯ ಮಗನೆಂಬ ಕಾರಣಕ್ಕೆ ಚಾರ್ಟ್ ತೆರೆಯುವಂತಿಲ್ಲ. ನಾನು ಸುಮ್ಮನಾದದ್ದು ಕಾಯ್ದೆಯ ಭಯದಿಂದಲೇ. ಅದು ಸರಿ ಎನ್ನಿಸಿದ್ದು ಆಮೇಲೆ. ಗುಟ್ಟು ರೋಗಿಗೆ ಅಪಾಯ ಎಂದು ನಾವು ಡಾಕ್ಟರುಗಳು ಹೇಳುತ್ತಿರುತ್ತೇವೆ. ಇಲ್ಲಿ ಅಮ್ಮ ಗುಟ್ಟು ಮಾಡಿದ್ದೇ ನಾನು ಎದುರಿಗಿದ್ದುದರಿಂದ.

ಪ್ರೈವೆಸಿ ಎಂಬುದು ಪಶ್ಚಿಮದವರ ಗೀಳು, ನಮ್ಮ ಮನೆಗಳಲ್ಲಿ ಎಂಥ ಗುಟ್ಟು ಎಂದು ಕೆಲವು ಮಿತ್ರರು ವಾದಿಸುತ್ತಾರೆ. ಖಾಸಗಿತನ ಎಂಬ ಪದ ನಮ್ಮ ಹಿರಿಯರ ಬಾಯಲ್ಲಿ ಇಲ್ಲದಿರಬಹುದು, ಮಾನ ಎಂಬ ಪದ ಇದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಭಾರತದ ಸುಪ್ರೀಂ ಕೋರ್ಟಿನ 9 ನ್ಯಾಯಾಧೀಶರು 2017ರಲ್ಲಿ ಒಮ್ಮತದಿಂದ ಹೇಳಿದ್ದೂ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ.

ಹಾಗೆಂದು ರೋಗಿಯನ್ನು ಒಂಟಿಯಾಗಿ ಬಿಡುವುದೇ ಗೌರವ ಎಂದೂ ಅಲ್ಲ. ರಾತ್ರಿ ನರ್ಸ್ ಬಾಗಿಲು ಮುಚ್ಚಿದರೆ ಅಮ್ಮ ಹೆದರುತ್ತಿದ್ದಳು, "ನೀನು ಇಲ್ಲೇ ಇರು" ಎನ್ನುತ್ತಿದ್ದಳು. ಹಗಲು ಹೊರಗೆ ಕಳಿಸಿದವಳೂ ಅವಳೇ, ರಾತ್ರಿ ಕರೆದವಳೂ ಅವಳೇ. ಇದರಲ್ಲಿ ವಿರೋಧವೇನೂ ಇಲ್ಲ. ಯಾರ ಮುಂದೆ ಏನನ್ನು ತೆರೆದಿಡಬೇಕು ಎಂಬ ತೀರ್ಮಾನ ಅವಳದೇ ಆಗಿತ್ತು, ಅಷ್ಟೆ. ಎದ್ದು ನಿಲ್ಲಲು ಇನ್ನೊಬ್ಬರ ಕೈ ಬೇಕಾದವಳು ಆ ತೀರ್ಮಾನವನ್ನೂ ಅವರ ಕೈಗೆ ಕೊಟ್ಟಿರುವುದಿಲ್ಲ. ಮೊದಲು ಕೇಳಿದ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಇದು.

ಸದಸ್ಯರಲ್ಲಿ ಒಂದು ವಿನಂತಿ. ಕೇಂದ್ರ ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ದುಭಾಷಿಯನ್ನು ಉಚಿತವಾಗಿ ಒದಗಿಸಬೇಕು. ಸಂಕೋಚವಿಲ್ಲದೆ ಕೇಳಿ. ಸ್ನಾನ ಮಾಡಿಸಲು ಹೆಂಗಸರೇ ಬೇಕೆಂದು ತಾಯಿ ಬಯಸಿದರೆ ಅದನ್ನೂ ಮೊದಲೇ ತಿಳಿಸಿ. ಡಾಕ್ಟರು ಒಳಗೆ ಬಂದಾಗ, "ಅಮ್ಮ, ನಾನು ಇಲ್ಲಿರಲಾ, ಹೊರಗಿರಲಾ?" ಎಂದು ಒಂದು ಮಾತು ಕೇಳಿ. ಇರು ಎಂದರೆ ಇರಿ. ಹೋಗು ಎಂದರೆ, ನನ್ನ ಹಾಗೆ ಮುಖ ಸಣ್ಣದು ಮಾಡಿಕೊಳ್ಳದೆ ಹೋಗಿ.