ಹೊಟ್ಟಿ ತುಂಬ್ಯಾದ್ರಿ

ನಮ್ಮ ಸೇಡಂ ಕಡೆ ಹಿರಿಯರು ‘ಬುತ್ತಿ’ ಅಂತಿದ್ದರು. ದಾರಿಗಂತ ಕಟ್ಟಿಕೊಂಡ ರೊಟ್ಟಿ-ಪಲ್ಯವೇ ಬುತ್ತಿ. ನಿಜಾಮರ ಸೀಮೆಯಾಗಿದ್ದರಿಂದ ಉರ್ದು ಮಂದಿಯ ‘ತೋಶಾ’ ಕೂಡ ಇತ್ತು, ಅದೂ ದಾರಿ ಊಟವೇ. ಈಗ ಎಲ್ಲರ ಬಾಯಲ್ಲಿ ‘ಡಬ್ಬಿ’. ಊಟದ ಹೆಸರು ಹೋಗಿ ಪಾತ್ರೆಯ ಹೆಸರು ಉಳೀತು. ಬುತ್ತಿ ಬಿಚ್ಚಿದರೆ ಎಲ್ಲರಿಗೂ ಎಲ್ಲವೂ ಕಾಣುತ್ತದೆ. ಡಬ್ಬಿಗೆ ಮುಚ್ಚಳವಿದೆ, ಅರ್ಧ ಎತ್ತಿ ಮರೆಮಾಡಿಕೊಂಡು ಉಣ್ಣಬಹುದು.

ಸೇಡಂನಿಂದ ಶಹಾಬಾದಕ್ಕೆ ಬಹಳ ವರ್ಷ ರೈಲಿನಲ್ಲಿ ಓಡಾಡಿದೆ. ಮಳಖೇಡ, ಚಿತ್ತಾಪುರ ದಾಟಿ ವಾಡಿಯಲ್ಲಿ ಇಳಿದು ಇನ್ನೊಂದು ಗಾಡಿ ಹಿಡಿಯಬೇಕಿತ್ತು. 1874ರಲ್ಲಿ ನಿಜಾಮರು ಸಿಕಂದರಾಬಾದಿಗೆ ಹಾಕಿಸಿದ ಹಳಿ ಅದು. ಗಾಡಿ ತಡವಾದರೆ ವಾಡಿ ಪ್ಲಾಟ್‌ಫಾರಂ ಮೇಲೇ ನಮ್ಮ ಡಬ್ಬಿ ತೆಗೆಯುತ್ತಿದ್ದವು. ನನ್ನದು ಅಜ್ಜಿ ಕಾಲದ ಹಿತ್ತಾಳಿ ಡಬ್ಬಿ. ಕಲಾಯಿ ಹೋದರೆ ಹುಳಿಗೆ ಕಿಲುಬು ಏಳುತ್ತದೆ ಅಂತ ಅವ್ವ ಅದರಾಗ ಪುಂಡಿ ಪಲ್ಯ ಹಾಕುತ್ತಿರಲಿಲ್ಲ.

ಜೊತೆಗೆ ಬರುತ್ತಿದ್ದವನು ಚಿಂಚೋಳಿ ತಾಲೂಕಿನ ಗೆಳೆಯ. ಸೇಡಂನಲ್ಲಿ ಬಾಡಿಗೆ ಮನಿ, ಶಹಾಬಾದದ ಫರಸಿ ಕಲ್ಲಿನ ಗಣಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ನಾನು ದಿನಾ ಅವನಿಗೆ ಕೊಡುತ್ತಿದ್ದೆ: ಶೇಂಗಾ ಹಿಂಡಿ, ಹಬ್ಬದ ಮರುದಿನ ಹೋಳಿಗಿ. ಅವನು ತನ್ನ ಸ್ಟೀಲ್ ಡಬ್ಬಿ ನನ್ನ ಕಡೆ ಸರಿಸಿದಾಗೆಲ್ಲ, “ಬ್ಯಾಡೋ, ಹೊಟ್ಟಿ ತುಂಬ್ಯಾದ” ಅನ್ನುತ್ತಿದ್ದೆ. ತುಂಬಿರಲಿಲ್ಲ. ಯಾರ ಕೈ ಅಡಿಗಿ ಉಣ್ಣಬೇಕು, ಯಾರದು ಉಣ್ಣಬಾರದು ಅನ್ನೋದು ನಮ್ಮ ಮನ್ಯಾಗ ಯಾರೂ ಬಾಯಿಬಿಟ್ಟು ಹೇಳದೆ ಕಲಿಸಿದ ಪಾಠ. ನಾನು ಅದಕ್ಕೆ ರೂಢಿ ಅಂತ ಹೆಸರಿಟ್ಟುಕೊಂಡಿದ್ದೆ. ನಾನು ಜಾತಿ ನೋಡೋನಲ್ಲ, ದಿನಾ ಕೊಡತೀನಲ್ಲ ಅಂತ ಸಮಾಧಾನ ಬ್ಯಾರೆ.

ಒಂದಿನ ಹೋಳಿಗಿ ಮುಂದೆ ಹಿಡಿದೆ. ಅವನು ನಕ್ಕೊಂತ, “ಹೊಟ್ಟಿ ತುಂಬ್ಯಾದ್ರಿ” ಅಂದ. ಬಳಿಕ ತನ್ನ ಡಬ್ಬಿ ತೆಗೆದು ಎರಡು ರೊಟ್ಟಿ ಉಂಡ.

ನಮ್ಮ ಭಾಗದಾಗ ದಾಸೋಹದ ಭಾಷಣಕ್ಕೇನು ಬರ. ಕೊಡೋದರ ಬಗ್ಗೆ ಬೇಕಾದಷ್ಟು ಕೇಳೀನಿ, ಕೊಟ್ಟವನ ಕೈ ಮ್ಯಾಲೇ ಇರ್ತದ. ಆ ಕೈ ಕೆಳಗ ಚಾಚೋದು ಹ್ಯಾಂಗ ಅಂತ ಯಾರೂ ಹೇಳಲಿಲ್ಲ. ಅಷ್ಟು ವರ್ಷ ನಾನು ಅವನ ಜೊತೆ ಉಂಡಿದ್ದೆನೋ, ಅವನಿಗೆ ಉಣ್ಣಿಸಿದ್ದೆನೋ?

ವಾರ ಕಳೆದ ಮೇಲೆ ನನ್ನ ಡಬ್ಬಿ ತೆಗೆಯೋಕ್ಕಿಂತ ಮೊದಲೇ ಕೇಳಿದೆ, “ಏನ್ ತಂದೀಯೋ ಇವತ್ತು, ನನಗೂ ಕೊಡು.” ಅವನ ಕೈ ಮುಚ್ಚಳದ ಮೇಲೆ ತುಸು ಹೊತ್ತು ಹಾಗೇ ನಿಂತಿತು.

“ಪುಂಡಿ ಪಲ್ಯ ಅದರಿ. ಖಾರ ಜಾಸ್ತಿ.”

ಖಾರ ನಿಜಕ್ಕೂ ಜಾಸ್ತಿ ಇತ್ತು. ಅವ್ವಗ ಇದನ್ನ ನಾನು ಇನ್ನೂ ಹೇಳಿಲ್ಲ.