ಇಂದಿನ ಚಿಂತನೆ: ತಲೆ ಸುತ್ತುವಾಗ ಯಾರ ಮಾತು ನಂಬಬೇಕು?

 

ಕೇಸಪುತ್ತದ ಕಾಲಾಮರಿಗೆ ಭಗವಾನ್ ಬುದ್ಧರು ಹೇಳಿದ್ದನ್ನು ನಾವು ಸಾಮಾನ್ಯವಾಗಿ ಒಂದೇ ಸಾಲಿಗೆ ಇಳಿಸಿಬಿಡುತ್ತೇವೆ: ಯಾರು ಹೇಳಿದರೂ ಸುಮ್ಮನೆ ನಂಬಬೇಡ, ನಿನ್ನ ಅನುಭವವನ್ನು ನಂಬು. ಮೊದಲರ್ಧ ಸರಿ. ಎರಡನೆಯ ಅರ್ಧದ ಬಗ್ಗೆ ನನ್ನ ತಕರಾರಿದೆ.

ಹೋದ ವರ್ಷ ನಮ್ಮಕ್ಕನಿಗೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೆ ಸಾಕು, ಇಡೀ ಮನೆ ಗಿರ್ರನೆ ಸುತ್ತುತ್ತಿತ್ತು. ಮಂಚ ಹಿಡಿದುಕೊಂಡು ಕೂಗುತ್ತಿದ್ದಳು. ಮನೆಯವರು ಪಿತ್ತ ಎಂದರು, ನಿಂಬೆಹಣ್ಣಿನ ಪಾನಕ ಕೊಟ್ಟರು. "ಎಲ್ಲ ಇದ್ದಲ್ಲೇ ಇದೆ, ಸುಮ್ಮನೆ ಮಲಗು" ಎಂದರು. ಎಲ್ಲ ಇದ್ದಲ್ಲೇ ಇದ್ದದ್ದು ನಿಜ. ಅವಳಿಗೆ ಸುತ್ತುತ್ತಿದ್ದದ್ದೂ ನಿಜ.

ಒಳಗಿವಿಯಲ್ಲಿ ದ್ರವ ತುಂಬಿದ ಮೂರು ಅರೆವೃತ್ತ ನಾಳಗಳಿವೆ. ತಲೆ ಹೊರಳಿಸಿದಾಗ ಆ ದ್ರವ ಹಿಂದುಳಿಯುತ್ತದೆ, ಮಿದುಳಿಗೆ "ತಿರುಗುತ್ತಿದ್ದೀಯ" ಎಂಬ ಸುದ್ದಿ ಹೋಗುತ್ತದೆ. ಪಕ್ಕದಲ್ಲೇ ಕ್ಯಾಲ್ಸಿಯಂ ಕಾರ್ಬೊನೇಟಿನ ಸಣ್ಣ ಹರಳುಗಳಿರುವ ಭಾಗ. ಅಲ್ಲಿಂದ ಹರಳು ಕಳಚಿ ನಾಳಕ್ಕೆ ಬಿದ್ದರೆ ತಲೆ ನಿಂತ ಮೇಲೂ ದ್ರವ ಅಲುಗುತ್ತದೆ, ಸುಳ್ಳು ಸುದ್ದಿ ಹೋಗುತ್ತದೆ. ಸುಳ್ಳು ಎಂದು ತಿಳಿದರೂ ಸುತ್ತು ನಿಲ್ಲುವುದಿಲ್ಲ.

ಹಾಗಾದರೆ ಅನುಭವ ಪ್ರಮಾಣವಲ್ಲವೇ? ಇಲ್ಲಿ ನನಗೆ ಭಯವಾಗುತ್ತದೆ. "ಅದು ನಿನ್ನ ಭ್ರಮೆ" ಎಂಬ ಮಾತನ್ನು ನಮ್ಮವರು ತಲೆಮಾರುಗಳಿಂದ ಕೇಳಿದ್ದಾರೆ. ಅವಮಾನವಾಯಿತು ಎಂದರೆ, "ನಿಮಗೆ ಹಾಗನ್ನಿಸುತ್ತೆ ಅಷ್ಟೆ."

ಅಕ್ಕನನ್ನು ನೋಡಿದ ಕಿವಿ ಡಾಕ್ಟರು ಹಾಗನ್ನಲಿಲ್ಲ. ಮನೆ ಸುತ್ತುತ್ತಿದೆ ಎಂದು ಒಪ್ಪಲೂ ಇಲ್ಲ. ತಲೆಯನ್ನು ಒಂದು ಕಡೆಗೆ ತಿರುಗಿಸಿ, ಬೇಗನೆ ಅಂಗಾತ ಮಲಗಿಸಿ, ಅವಳ ಕಣ್ಣನ್ನೇ ನೋಡಿದರು. ಕಣ್ಣುಗುಡ್ಡೆ ತಾನಾಗಿಯೇ ಅದುರುತ್ತಿತ್ತು. ಒಳಗಿನ ಸುತ್ತಿಗೆ ಹೊರಗೆ ಸಾಕ್ಷಿ ಸಿಕ್ಕಿತು, ಯಾವ ಕಡೆಯ ಕಿವಿ ಎಂದೂ ತಿಳಿಯಿತು. ಆಮೇಲೆ ತಲೆಯನ್ನು ಕ್ರಮವಾಗಿ ಹೊರಳಿಸುತ್ತ ಹರಳನ್ನು ನಾಳದಿಂದ ಆಚೆ ಜಾರಿಸಿದರು. (ಇದಕ್ಕೆ ಎಪ್ಲಿ ವಿಧಾನ ಎನ್ನುತ್ತಾರೆ. ಎಲ್ಲ ತಲೆಸುತ್ತಿಗೂ ಇದೇ ಕಾರಣವಲ್ಲ, ವಿಡಿಯೋ ನೋಡಿಕೊಂಡು ಮನೆಯಲ್ಲಿ ಮಾಡಬೇಡಿ.)

ಇನ್ನೊಂದು ಸಂಗತಿ. ಈ ನಾಳಗಳಿಗೆ ತಿಳಿಯುವುದು ವೇಗದ ಬದಲಾವಣೆ ಮಾತ್ರ. ಕಣ್ಣು ಮುಚ್ಚಿಕೊಂಡು ಒಂದೇ ವೇಗದಲ್ಲಿ ಸುತ್ತುತ್ತಲೇ ಇದ್ದರೆ, ಸ್ವಲ್ಪ ಹೊತ್ತಿಗೆ ನಿಂತೇ ಇದ್ದೇವೆ ಅನ್ನಿಸತೊಡಗುತ್ತದೆ. ನಿಜವಾಗಿ ನಿಂತಾಗ ಎದುರು ದಿಕ್ಕಿಗೆ ಸುತ್ತಿದಂತಾಗುತ್ತದೆ. ಆಟದ ಬಯಲಲ್ಲಿ ಗಿರಗಿರ ತಿರುಗಿ ನಿಂತ ಮಕ್ಕಳು ಓಲಾಡುವುದನ್ನು ನೋಡಿದ್ದೀರಿ.

ಮೀಸಲಾತಿಯ ಮಾತು ಬಂದಾಗ ಸ್ಟಾಫ್ ರೂಮಿನಲ್ಲೂ ಇದನ್ನು ನೋಡುತ್ತೇನೆ. ಅಜ್ಜ ಮುತ್ತಜ್ಜನ ಕಾಲದಿಂದ ಬಂದ ಅನುಕೂಲ ಅನುಭವಕ್ಕೇ ಬರುವುದಿಲ್ಲ. ಅದು ಸ್ವಲ್ಪ ತಗ್ಗಿದ ಕೂಡಲೇ ಯಾರೋ ತಳ್ಳಿದಂತಾಗುತ್ತದೆ. ಅವರು ನಟಿಸುತ್ತಿಲ್ಲ, ಅವರಿಗೆ ನಿಜಕ್ಕೂ ಹಾಗನ್ನಿಸುತ್ತದೆ.

ಆದ್ದರಿಂದ ಅವರ ಅನಿಸಿಕೆಗೂ ನಮ್ಮ ನೋವಿಗೂ ಒಂದೇ ಪರೀಕ್ಷೆ ಇರಲಿ ಎನ್ನುತ್ತೇನೆ. ಬುದ್ಧರು ಕಾಲಾಮರಿಗೆ ಹೇಳಿದ್ದರಲ್ಲಿ, ತಾನೇ ತಿಳಿಯುವುದರ ಜೊತೆಗೆ ಬಲ್ಲವರು ಒಪ್ಪುತ್ತಾರೆಯೇ, ನಡೆದುಕೊಂಡರೆ ಹಿತವಾಗುತ್ತದೆಯೋ ದುಃಖವಾಗುತ್ತದೆಯೋ ಎಂದು ನೋಡುವುದೂ ಸೇರಿದೆ. ಆ ಪರೀಕ್ಷೆಗೆ ನಾವು ಹೆದರಬೇಕಿಲ್ಲ. ತಮ್ಮನ್ನು ತಳ್ಳಲಾಗಿದೆ ಎನ್ನುವವರು ಯಾವ ಕುರ್ಚಿಯಲ್ಲಿ ಯಾರು ಕೂತಿದ್ದಾರೆ ಎಂದು ಎಣಿಸಲಿ. ಹೋಟೆಲಿನ ಹಿಂಬದಿಯಲ್ಲಿ ಬೇರೆ ಲೋಟ ಇಟ್ಟಿದ್ದಾರೋ ಇಲ್ಲವೋ, ಯಾರು ಬೇಕಾದರೂ ಹೋಗಿ ನೋಡಿ ಬರಬಹುದು.