ಇಂದಿನ ಧಮ್ಮ ಚಿಂತನೆ: ಹೆರಿಗೆಯಲ್ಲಿ ಗಂಡನ ಪಾಲು



ಸಹಜ ಹೆರಿಗೆಯ ತರಗತಿಗೆ ಹೆಂಡತಿಯ ಜೊತೆ ಗಂಡನೂ ಹೋಗಬೇಕೇ? ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆ ಚೊಚ್ಚಲ ಹೆರಿಗೆ ತವರಿನದು. ಗಂಡ ಕೂಸು ಹುಟ್ಟಿದ ಸುದ್ದಿ ಕೇಳಿ ಬರುವವನು.

1928ರಲ್ಲಿ ಮುಂಬೈ ಶಾಸನ ಪರಿಷತ್ತಿನಲ್ಲಿ ಬಾಬಾಸಾಹೇಬರು ಹೆರಿಗೆ ಭತ್ಯೆ ಮಸೂದೆಯನ್ನು ಬೆಂಬಲಿಸಿದರು. ತಾಯಿಯ ಭಾರದಲ್ಲಿ ಮಾಲೀಕನಿಗೂ ಸರ್ಕಾರಕ್ಕೂ ಪಾಲಿದ್ದರೆ, ಗಂಡನಿಗಿಲ್ಲವೇ?

ನೋವನ್ನು ಅವನು ಹೊರಲಾರ. ಸೊಂಟ ತಿಕ್ಕುವುದು, ಅವಳ ಉಸಿರಿಗೆ ಉಸಿರು ಕೂಡಿಸುವುದು, ಹೆದರದೆ ಪಕ್ಕದಲ್ಲಿರುವುದು ಕಲಿಯಬಹುದು. ಕರುಣೆಗೂ ಅಭ್ಯಾಸ ಬೇಕು. ತರಗತಿ ಸಿಗದಿದ್ದರೆ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಯ ಗರ್ಭಿಣಿಯರ ತಪಾಸಣೆಗೆ ಜೊತೆಗೆ ಹೋಗಲಿ, ಅಪಾಯದ ಲಕ್ಷಣ ಕೇಳಿ ತಿಳಿಯಲಿ.

ಆದರೆ 'ಸಹಜ' ಎಂಬುದಕ್ಕೂ ಅಂಟಿಕೊಳ್ಳಬಾರದು. ಆಪರೇಷನ್ ಬೇಕಾದರೆ ಅದು ಸೋಲಲ್ಲ. ತಾಯಿ, ಕೂಸು ಉಳಿಯುವುದು ಮುಖ್ಯ.

ಭವತು ಸಬ್ಬ ಮಂಗಲಂ 🌸